ಹದಿನಾರರ ಮೇಲೆ ನಾಲ್ಕು

೮ ನವೆಂಬರ್, ಶನಿವಾರ

ಸಿನಿಮಾದವರು ನನ್ನನ್ನು ಹುಡುಕಿಕೊಂಡು ಕದ್ವಾಡದ ಭಜನೆಗೇ ಬಂದರು. ಬಂದವಳ ಹೆಸರು ವಸುಮತಿ, ಶಿರಸಿ ಕಡೆಯವಳು, ನಿರ್ದೇಶಕರ ಸಹಾಯಕಿ. ಚಪ್ಪಲಿ ಕಳಚಿ ಹಿಂದೆ ಕೂತು ಎರಡು ಭಜನೆ ಪೂರ್ತಿ ಕೇಳಿದಳು. ಅಷ್ಟಕ್ಕೇ ನನಗೆ ಅವಳ ಮೇಲೆ ಮರ್ಯಾದೆ ಬಂತು. ಆರತಿ ಆದ ಮೇಲೆ ಹತ್ತಿರ ಬಂದು, "ಮಾಸ್ತರೇ, ನಮ್ಮ ಹೀರೋಗೆ ತಾಳ ಬರುವುದಿಲ್ಲ. ನಮ್ಮ ಸಿನಿಮಾ ನಿಂತಿರುವುದೇ ತಾಳದ ಮೇಲೆ" ಅಂದಳು.

ಕಥೆ ಹೇಳಿದಳು. ಒಂದು ವಾದ್ಯತಂಡ ಹಡಗಿನಲ್ಲಿ ಕಚೇರಿ ಕೊಡಲು ಬಂದರಿಗೆ ಬರುತ್ತದೆ. ಹಾಡು ಮುಗಿಯುವುದರೊಳಗೆ ಹಡಗಿನಲ್ಲಿದ್ದ ಪೆಟ್ಟಿಗೆ ಮಾಯವಾಗಬೇಕು. ಯಾರು ಯಾವಾಗ ಬೀಗ ಮುರಿಯಬೇಕು, ಯಾರು ಯಾವಾಗ ಜಿಗಿಯಬೇಕು, ಎಲ್ಲವೂ ಹಾಡಿನ ಎಣಿಕೆಯ ಮೇಲೆ. ಒಂದು ಎಣಿಕೆ ತಪ್ಪಿದರೆ ಎಲ್ಲರೂ ಸಿಕ್ಕಿಬೀಳುತ್ತಾರೆ. ಸಿನಿಮಾಕ್ಕೆ ಇನ್ನೂ ಹೆಸರಿಟ್ಟಿಲ್ಲವಂತೆ. ಹುಟ್ಟುವ ಮೊದಲೇ ಹೆಸರಿಡಬಾರದು ಅಂತ ಇರಬೇಕು.

ಬೀರು ತಾಳ ಕೆಳಗಿಟ್ಟು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಬೈತಖೋಲದ ಮೀನುಗಾರ, ಪ್ರತಿ ಶನಿವಾರ ಭಜನೆಗೆ ಬಂದು ತಾಳ ಕುಟ್ಟುವವನು, ನನಗೆ ಮೂವತ್ತು ವರ್ಷದ ಗೆಳೆಯ. "ಅಂದ್ರೆ ಮಾಸ್ತರ್ರು ಕಳ್ಳರಿಗೆ ಪಾಠ ಹೇಳೂಕೆ ಹೋಗ್ತ್ರು ಅಂತ ಆಯ್ತು" ಅಂದ.

ಹೋಗುತ್ತೇನೆ ಅಂತ ಒಪ್ಪಿಕೊಂಡೆ. ಶಾಲೆಗೆ ಬೆನ್ನುನೋವು ಅಂತ ರಜೆ ಬರೆದು ಕೊಡಬೇಕು. ಬೆನ್ನುನೋವು ಸುಳ್ಳಲ್ಲ, ಹೋದ ವರ್ಷ ಇತ್ತು.

೧೧ ನವೆಂಬರ್, ಮಂಗಳವಾರ

ಇಡೀ ತಂಡ ಅಂಕೋಲಾದ ಬಾಳೆಗುಳಿಯಲ್ಲಿ, ಹೆದ್ದಾರಿ ಪಕ್ಕದ ಲಾಡ್ಜಿನಲ್ಲಿ ಇಳಿದಿದೆ. ಲಾರಿಗಳ ಹಾರ್ನಿನ ನಡುವೆ ಸಂಗೀತ ಕಲಿಸುವುದು ನನ್ನ ಹಣೆಯಲ್ಲಿ ಬರೆದಿತ್ತು.

ಹೀರೋ ಸಾತ್ವಿಕ ಒಳ್ಳೆಯ ಹುಡುಗ. ತೋಳು ಕಂಬದ ಹಾಗಿದೆ. ಕಿವಿ ಮಾತ್ರ ದೇವರು ಅಲಂಕಾರಕ್ಕೆ ಕೊಟ್ಟದ್ದು. ಆದಿತಾಳ ಹಾಕು ಅಂದರೆ ಸೊಳ್ಳೆ ಹೊಡೆದ ಹಾಗೆ ಹೊಡೆಯುತ್ತಾನೆ. ನಾಯಕಿ ಚೈತ್ರಾ ಫೋನಿನಿಂದ ಕಣ್ಣೆತ್ತುವುದಿಲ್ಲ, ಆದರೆ ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ. ಇಬ್ಬರೂ ನನ್ನನ್ನು "ಗುರುಗಳೇ" ಅಂದರು. ಶಾಲೆಯಲ್ಲಿ ಹೆಡ್ಮಾಸ್ತರರು ನನ್ನನ್ನು "ಆ ಪೆಟ್ಟಿಗೆ ಮಾಸ್ತರು" ಅನ್ನುತ್ತಾರೆ. ಹಾರ್ಮೋನಿಯಂ ಅನ್ನಲು ಅವರಿಗೆ ನಾಲಿಗೆ ತಿರುಗುವುದಿಲ್ಲ.

ನಿಜವಾದ ತಾಳಜ್ಞಾನ ಇರುವುದು ಪೂಜಾ ಎಂಬ ಹುಡುಗಿಗೆ. ಚೈತ್ರಾಳ ಡೂಪ್. ಬೀಳುವುದು, ಜಿಗಿಯುವುದು, ನೇತಾಡುವುದು ಎಲ್ಲ ಇವಳ ಪಾಲು. ಹುಬ್ಬಳ್ಳಿಯವಳು. ಒಮ್ಮೆ ಹೇಳಿದ್ದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. "ಇಷ್ಟು ಚೆನ್ನಾಗಿ ಬರುತ್ತಲ್ಲ, ಮುಂದೆ ಬಂದು ನಟಿಸಬಾರದಾ?" ಅಂದೆ. ನಕ್ಕಳು. "ನನ್ನ ಮಾರಿ ಕಾಣಬಾರದ್ರೀ ಸರ್. ಕಂಡ್ರ ಆ ಶಾಟ್ ಕ್ಯಾನ್ಸಲ್. ಕಾಣಲಿಲ್ಲಂದ್ರ ನಾ ಛಲೋ ಕೆಲಸ ಮಾಡೇನಿ ಅಂತ ಅರ್ಥ."

ನನಗೆ ಯಾಕೋ ಬೇಜಾರಾಯಿತು. ಅವಳಿಗೆ ಆಗಿರಲಿಲ್ಲ.

೧೬ ನವೆಂಬರ್, ಭಾನುವಾರ

ಇವತ್ತು ಉದ್ದಕ್ಕೆ ಬರೆಯಬೇಕು. ಬೀರುವನ್ನೂ ಸಿನಿಮಾಕ್ಕೆ ಸೇರಿಸಿದೆ.

ಕೊನೆಯ ದೊಡ್ಡ ದೃಶ್ಯ ಹೀಗೆ. ಪೆಟ್ಟಿಗೆ ಕದ್ದ ನಾಯಕಿ ಹಗ್ಗದಲ್ಲಿ ನೇತಾಡುತ್ತಾ ಹಡಗಿನಿಂದ ತಪ್ಪಿಸಿಕೊಳ್ಳುತ್ತಾಳೆ. ಜೆಟ್ಟಿಯ ಕಲ್ಲಿನ ಮೇಲಿಂದ ಕ್ರೇನಿನ ತೋಳು ಅವಳನ್ನು ತಿರುಗಿಸಿ ತಂದು ಟ್ರಾಲರ್ ಬೋಟಿನ ಮೇಲೆ ನಿಲ್ಲಿಸುತ್ತದೆ. ಹಗ್ಗದ ಇನ್ನೊಂದು ತುದಿಯನ್ನು ಜೆಟ್ಟಿಯಲ್ಲಿ ನಿಂತ ಮೀನುಗಾರರು ಹಿಡಿದಿರುತ್ತಾರೆ. ಹಿಂದೆ ಯಂತ್ರ ಅಡಗಿಸಿ ಎಳೆಸುವುದು ನಿರ್ದೇಶಕರಿಗೆ ಬೇಡ. ನಿಜವಾದ ಕೈ, ನಿಜವಾದ ಬೆವರು ಕಾಣಬೇಕಂತೆ. ಹಾಗಾದರೆ ದಡದಲ್ಲಿ ನಿಂತು ರಂಪಣಿ ಬಲೆ ಎಳೆಯುವವರೇ ಸರಿ, ಬೀರುವಿನ ಪಾಳಿಯ ಜನರೇ ಸರಿ ಅಂತ ನಾನೇ ಹೇಳಿದೆ.

ಬೀರು ಅವರಲ್ಲಿ ಕೂಗು ಹಾಕುವವನು. ಅವನು "ಏಲೇ" ಅಂತ ಎಳೆದು ಕೂಗುತ್ತಾನೆ, ಉಳಿದ ಹನ್ನೆರಡು ಜನ "ಹೋಯ್" ಅಂತ ಜಗ್ಗುತ್ತಾರೆ. ಬಲೆಯಲ್ಲಿ ಎಷ್ಟೇ ಭಾರ ಇರಲಿ, ಅವನ ದನಿ ನಿಂತರೆ ಕೈಗಳು ಸಡಿಲಾಗುತ್ತವೆ. ಯಾರೂ ತಲೆ ಎತ್ತಿ ನೋಡುವುದಿಲ್ಲ, ಯಾಕೆ ಅಂತ ಕೇಳುವುದಿಲ್ಲ. ಇನ್ನೊಂದು ರೂಢಿ ಇದೆ. ಹಗ್ಗ ಹಿಡಿಯುವವರಿಗೆ ಬೇರೆ ಯಾರೂ ಏನೂ ಹೇಳುವ ಹಾಗಿಲ್ಲ. ಹೇಳುವುದಿದ್ದರೆ ಕೂಗುವವನನ್ನು ಒಂದಿಷ್ಟು ದೂರ ಕರೆದು ಅವನ ಕಿವಿಗೆ ಮಾತ್ರ ಹೇಳಬೇಕು. ವಸುಮತಿ ಹನ್ನೆರಡು ಜನರನ್ನೂ ನಿಲ್ಲಿಸಿ ಪಾಠ ಶುರು ಮಾಡಿದಾಗ ಬೀರು ಕೈ ಅಡ್ಡ ಹಿಡಿದ. "ಅಕ್ಕೋರೆ, ಇವರ್ಗೆ ಹೇಳ್ಬೇಡಿ. ನಾಕು ಜನ ಲೆಕ್ಕ ಮಾಡೂಕೆ ಹತ್ತಿದ್ರೆ ನಾಕು ಕೈ ಬೇರೆ ಬೇರೆ ಆಗ್ತದೆ. ನಂಗೆ ಹೇಳಿ. ಅಲ್ದಿದ್ರೆ ಮಾಸ್ತರ್ರಿಗೆ ಹೇಳಿ, ಅವರು ನಂಗೆ ಹೇಳ್ತ್ರು."

ಹಾಗಾಗಿ ಬೀರುವಿಗೆ ಹೇಳುವ ಕೆಲಸ ನನ್ನದು ಅಂತ ಆಯಿತು. ಅವನು ಕೂಗು ಹಾಕಿದಲ್ಲಿಂದ ಹದಿನಾರು ಎಣಿಕೆ ಬಿಗಿ ಹಿಡಿಯಬೇಕು. ಹದಿನಾರಕ್ಕೆ ಪೂಜಾ ಸರಿಯಾಗಿ ಬೋಟಿನ ಮೇಲೆ ಬಂದಿರುತ್ತಾಳೆ. ಆಗ ಸಡಿಲ ಬಿಟ್ಟರೆ ಕೆಳಗೆ ಹಾಸಿದ ಹಾಸಿಗೆಯ ಮೇಲೆ ಇಳಿಯುತ್ತಾಳೆ. ಕ್ರೇನಿನವನಿಗೂ ಪೂಜಾಳಿಗೂ ಕಿವಿಯಲ್ಲಿ ಹಾಡು ಕೇಳುತ್ತಿರುತ್ತದೆ. ಹಗ್ಗದವರಿಗೆ ಅದಿಲ್ಲ. ಅವರ ಕೂಗನ್ನು ಅಲ್ಲಿಯೇ ರೆಕಾರ್ಡ್ ಮಾಡುವುದರಿಂದ ಹಾಡನ್ನು ಹೊರಗೆ ಹಾಕುವುದೂ ಇಲ್ಲ.

ಮರಳು ತುಂಬಿದ ಚೀಲ ಕಟ್ಟಿ ಒಂಬತ್ತು ಸಲ ಮಾಡಿದೆವು. ಒಂಬತ್ತು ಸಲವೂ ಹದಿನಾರಕ್ಕೆ ಹದಿನಾರು. ಬೀರು ಬೆರಳು ಮಡಚುವುದಿಲ್ಲ, ತುಟಿ ಅಲ್ಲಾಡಿಸುವುದಿಲ್ಲ. ಹತ್ತನೆಯ ಸಲ ಪೂಜಾ ತಾನೇ ನೇತಾಡಿದಳು. ಇಳಿದವಳು ಬೀರುವಿನ ಹತ್ತಿರ ಹೋಗಿ, "ಕಾಕಾ, ನಿಮ್ಮ ಕೈಯಾಗ ನಾ ಭಾಳ ಹಗುರ ಆದೆ ನೋಡ್ರಿ" ಅಂದಳು. ಬೀರು ನಾಚಿಕೊಂಡ. "ಬಂಗಡೆ ಬಿದ್ದ ದಿನ ನೋಡ್ಬೇಕು ನೀನು, ಬಲೆ ನಿನ್ನಂತೋರು ನೂರು ಜನ ಇದ್ದಷ್ಟು ಭಾರ ಇರ್ತದೆ" ಅಂದ.

ಅವನ ಕೂಗನ್ನು ಹಾಡಿನೊಳಗೂ ಹಾಕುತ್ತಾರಂತೆ.

೨೨ ನವೆಂಬರ್, ಶನಿವಾರ

ಭಜನೆಗೆ ಹೋಗಲಾಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಇದು ಮೂರನೆಯ ಸಲ. ಸಾತ್ವಿಕನಿಗೆ ನಾನು ಇಲ್ಲದಿದ್ದರೆ ಕಾಲೇ ಏಳುವುದಿಲ್ಲ. ಒಂದು ಉಪಾಯ ಕಂಡುಹಿಡಿದಿದ್ದೇನೆ. ಚಿತ್ರೀಕರಣದಲ್ಲಿ ನಾನು ಮೀನಿನ ಕ್ರೇಟುಗಳ ಹಿಂದೆ ಬಗ್ಗಿ ಕೂತು ಅವನ ಹಿಮ್ಮಡಿಯ ಮೇಲೆ ಬೆರಳಿನಿಂದ ತಾಳ ಹಾಕುವುದು. ಕ್ಯಾಮೆರಾಕ್ಕೆ ನಾನು ಕಾಣುವುದಿಲ್ಲ. ನಿರ್ದೇಶಕರು ಎಲ್ಲರ ಎದುರಿಗೆ, "ನಮ್ಮ ಸಿನಿಮಾದ ನಾಡಿ ಈ ಮಾಸ್ತರರ ಬೆರಳಲ್ಲಿದೆ" ಅಂದರು.

ವೈಜಯಂತಿಗೆ ಹೇಳಿದೆ. "ಹಿಮ್ಮಡಿ ಮುಟ್ಟೂಕೆ ಇಷ್ಟು ಕುಶಿಯಾ?" ಅಂದಳು. ಹೆಂಡತಿಗೆ ಸಂಗೀತದ ಗಂಧ ಇಲ್ಲ.

೨೬ ನವೆಂಬರ್, ಬುಧವಾರ

ನಾಳೆ ಬೆಳಿಗ್ಗೆ ಬೈತಖೋಲದ ಜೆಟ್ಟಿಯಲ್ಲಿ ಹಗ್ಗದ ದೃಶ್ಯ. ಸೂರ್ಯ ಹುಟ್ಟುವ ಬೆಳಕು ಬೇಕಂತೆ, ಒಂದೇ ಟೇಕ್.

ಸಂಜೆ ವಸುಮತಿ ಫೋನ್ ಮಾಡಿದಳು. ಸಂಗೀತ ನಿರ್ದೇಶಕರು ಹಾಡನ್ನು ಮತ್ತೆ ತಿದ್ದಿದ್ದಾರೆ, ಕೊಳಲಿನ ತುಣುಕು ಸೇರಿಸಿದ್ದರಿಂದ ಆ ಜಾಗದಲ್ಲಿ ನಾಲ್ಕು ಎಣಿಕೆ ಜಾಸ್ತಿ ಆಗಿದೆ. ಹದಿನಾರರ ಬದಲು ಇಪ್ಪತ್ತು. ಕ್ರೇನಿನವನಿಗೂ ಪೂಜಾಳಿಗೂ ಹೊಸ ಹಾಡು ಕಳಿಸಿ ಆಗಿದೆ. "ಹಗ್ಗದವರಿಗೆ ನೀವು ಹೇಳಿಬಿಡಿ ಮಾಸ್ತರೇ. ಮರೆಯಬೇಡಿ." ಮರೆಯುವವನು ನಾನಾ? ನನ್ನ ತಾಳ ತಪ್ಪಿದ್ದನ್ನು ಈ ತಾಲೂಕಿನಲ್ಲಿ ಯಾರೂ ಕೇಳಿಲ್ಲ.

ಬೀರು ಫೋನ್ ಎತ್ತಲಿಲ್ಲ, ಸಮುದ್ರದಲ್ಲಿ ಇರಬೇಕು. ನಾಳೆ ಬೆಳಿಗ್ಗೆ ಹೋದ ಕೂಡಲೇ ಹೇಳಬೇಕು.

೨೭ ನವೆಂಬರ್, ಗುರುವಾರ

ಪೂಜಾ ಬಿದ್ದಳು.

೨೮ ನವೆಂಬರ್, ಶುಕ್ರವಾರ

ನಿನ್ನೆ ಬರೆಯಲು ಆಗಲಿಲ್ಲ. ಇವತ್ತು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಬಂದರಿಗೆ ಹೋದಾಗ ಬೀರುವಿನ ಪಾಳಿ ಜೆಟ್ಟಿಯ ಆ ತುದಿಯಲ್ಲಿ ಹಗ್ಗ ಒದ್ದೆ ಮಾಡುತ್ತಿತ್ತು. ನಾನು ಅತ್ತ ಹೊರಟವನೇ. ಸಾತ್ವಿಕ ತನ್ನ ಕ್ಯಾರವಾನಿನಿಂದ ತಲೆ ಹೊರಗೆ ಹಾಕಿ, "ಗುರುಗಳೇ, ಬನ್ನಿ, ಒಂದು ಚಹಾ" ಅಂದ. ಇಷ್ಟು ದಿನದಲ್ಲಿ ಯಾರನ್ನೂ ಅವನು ಒಳಗೆ ಕರೆದದ್ದು ನಾನು ನೋಡಿಲ್ಲ. ತಂಪು ಗಾಳಿ, ಮೆತ್ತನೆಯ ಕುರ್ಚಿ. ಬಿಳಿ ಕಪ್ಪಿನಲ್ಲಿ ಚಹಾ ಕೊಟ್ಟರು. ಸಕ್ಕರೆ ಕಡಿಮೆ ಇತ್ತು, ಹೇಳಲು ಸಂಕೋಚ ಆಯಿತು. ಚೈತ್ರಾ ಬಂದಳು, ಮೂವರೂ ನಿಂತು ಫೋಟೋ ತೆಗೆಸಿಕೊಂಡೆವು. ಹೊರಗೆ "ಬೆಳಕು ಬಂತು, ಬೆಳಕು ಬಂತು" ಅಂತ ಕೂಗಿದರು. ಎಲ್ಲರೂ ಓಡಿದೆವು. ನಾನು ಕ್ರೇಟಿನ ಹಿಂದೆ ಕೂತೆ.

ಬೀರುವಿಗೆ ಹೇಳಿರಲಿಲ್ಲ.

ಅವನ ಕೂಗು ಕೇಳಿತು. ನಾನು ಸಾತ್ವಿಕನ ಹಿಮ್ಮಡಿಯ ಮೇಲೆ ಎಣಿಸುತ್ತಿದ್ದೆ. ಹನ್ನೆರಡೋ ಹದಿಮೂರೋ ಆದಾಗ ನೆನಪಾಯಿತು. ಕೂಗಬಹುದಿತ್ತು. "ಬೀರೂ, ಬಿಡಬೇಡ" ಅನ್ನಲು ಎರಡು ಎಣಿಕೆ ಸಾಕು. ಬಾಯಿ ತೆರೆದೆ. ಟೇಕ್ ನಡೆಯುತ್ತಿದೆ, ದನಿ ರೆಕಾರ್ಡ್ ಆಗುತ್ತಿದೆ, ನಾನು ಕೂಗಿದರೆ ಎಲ್ಲ ಹಾಳು, ಬೆಳಕು ಹೋಗುತ್ತದೆ ಅಂತ ಒಂದು ಗಳಿಗೆ ಅನಿಸಿತು. ಆ ಗಳಿಗೆಯಲ್ಲಿ ಹದಿನಾರು ಆಯಿತು. ಬೀರುವಿನ ದನಿ ನಿಂತಿತು. ಹನ್ನೆರಡು ಜನರೂ ಒಟ್ಟಿಗೆ ಕೈ ಸಡಿಲಿಸಿದರು.

ಅವಳು ಬೋಟಿನ ತನಕ ಬಂದಿರಲಿಲ್ಲ. ಕೆಳಗೆ ಇದ್ದದ್ದು ಜೆಟ್ಟಿಯ ಕಲ್ಲು. ಸುರಕ್ಷತೆಗೆಂದು ಅವಳಿಗೆ ಕಟ್ಟಬೇಕಾಗಿದ್ದ ಎರಡನೆಯ ತಂತಿ ಚಿತ್ರದಲ್ಲಿ ಕಾಣುತ್ತದೆ ಅಂತ ನಿರ್ದೇಶಕರು ಅದನ್ನು ತೆಗೆಸಿದ್ದರು.

ಜೀವ ಇದೆ. ಗೋವಾಕ್ಕೆ ಒಯ್ದಿದ್ದಾರೆ. ಮಾತಿಲ್ಲ.

ಬೀರು ಹಗ್ಗದ ತುದಿ ಹಿಡಿದುಕೊಂಡೇ ನಿಂತಿದ್ದ. ಯಾರೋ ಅವನ ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

೩೦ ನವೆಂಬರ್, ಭಾನುವಾರ

ಬಾಳೆಗುಳಿಗೆ ಬರಹೇಳಿದರು. ಲಾಡ್ಜಿನ ಕೋಣೆಯಲ್ಲಿ ನಿರ್ದೇಶಕರು, ವಸುಮತಿ, ಬೆಂಗಳೂರಿನಿಂದ ಬಂದ ಇಬ್ಬರು ವಕೀಲರು. ವಸುಮತಿಯ ಕಣ್ಣು ಅತ್ತು ಊದಿತ್ತು. "ಮಾಸ್ತರೇ, ನಾನು ನಿಮಗೆ ಫೋನಿನಲ್ಲಿ ಹೇಳಿದ್ದೆ. ನೀವು ಅವರಿಗೆ ಹೇಳಿದ್ರಿ ತಾನೇ?"

"ಹೇಳಿದ್ದೆ" ಅಂದೆ. ಬಾಯಿಂದ ಬಂದುಬಿಟ್ಟಿತು. ಎಲ್ಲರೂ ಉಸಿರು ಬಿಟ್ಟರು, ವಸುಮತಿಯೂ. ನಾನು ಇಲ್ಲ ಅಂದಿದ್ದರೆ ಆ ಹುಡುಗಿಯೂ ಸಿಕ್ಕಿಬೀಳುತ್ತಿದ್ದಳು, ತಾನೇ ನೇರ ಯಾಕೆ ಹೇಳಲಿಲ್ಲ ಅಂತ. ಒಬ್ಬಳನ್ನಾದರೂ ಉಳಿಸಿದ ಹಾಗಾಯಿತು.

ಇಷ್ಟಕ್ಕೂ ಹೇಳಲು ಹೊತ್ತು ಎಲ್ಲಿ ಕೊಟ್ಟರು? ಚಹಾ, ಫೋಟೋ, ಬೆಳಕು ಅಂತ ಅವರೇ ಎಳೆದಾಡಿದ್ದು. ತಂತಿ ತೆಗೆಸಿದ್ದೂ ಅವರೇ. ತಂತಿ ಇದ್ದಿದ್ದರೆ ಹದಿನಾರಾದರೇನು, ಆರಾದರೇನು. ನಾಳೆ ಬೀರುವಿಗೆ ಎಲ್ಲ ವಿವರಿಸಿ ಹೇಳಬೇಕು.

೨ ಡಿಸೆಂಬರ್, ಮಂಗಳವಾರ

ಪೊಲೀಸರು ಹೇಳಿಕೆ ತೆಗೆದುಕೊಂಡರು. ಸಾಹೇಬರು ಮರ್ಯಾದೆಯ ಮನುಷ್ಯ, ಕುರ್ಚಿ ಕೊಟ್ಟರು. ಅವರ ಮಗಳು ನಮ್ಮ ಶಾಲೆಯಲ್ಲಿ ಓದಿದ್ದಂತೆ.

"ನೀವು ಹೇಳುವಾಗ ಬೇರೆ ಯಾರಾದರೂ ಇದ್ರಾ?" ಅಂತ ಕೇಳಿದರು. ಕೂಗುವವನ ಕಿವಿಗೆ ಮಾತ್ರ ಹೇಳುವುದು ಅವರ ರೂಢಿ ಅಂತ ವಿವರಿಸಿದೆ. ಸಾಹೇಬರು ಅದನ್ನು ಪೂರ್ತಿ ಬರೆದುಕೊಂಡರು. ಅದೇನೂ ಸುಳ್ಳಲ್ಲ, ರೂಢಿ ಇರುವುದೇ ಹಾಗೆ.

ಹೊರಗೆ ಬಂದಾಗ ಬೀರು ಬೆಂಚಿನ ಮೇಲೆ ಕೂತಿದ್ದ. ಅವನ ಸರದಿ ನನ್ನ ನಂತರ. ನನ್ನನ್ನು ನೋಡಿ ಎದ್ದು ನಿಂತ, ಯಾವಾಗಲೂ ನಿಲ್ಲುವ ಹಾಗೆ. ಅಲ್ಲಿ ಪೊಲೀಸರ ಎದುರು ಏನು ಮಾತಾಡುವುದು? ಹೆಗಲ ಮೇಲೆ ಕೈ ಇಟ್ಟು ಬಂದೆ.

೪ ಡಿಸೆಂಬರ್, ಗುರುವಾರ

ಬೀರುವಿನ ಮನೆಗೆ ಹೋಗಿದ್ದೆ. ಎಲ್ಲ ಹೇಳಿಬಿಡಬೇಕು ಅಂತಲೇ ಹೊರಟದ್ದು. ಅವನು ಹೊರಗೆ ಒಣಗಲು ಹಾಕಿದ ಬಲೆಯ ಪಕ್ಕದಲ್ಲಿ ಸುಮ್ಮನೆ ಕೂತಿದ್ದ, ಕೈಯಲ್ಲಿ ಕೆಲಸ ಇಲ್ಲದೆ. ಅವನ ಹೆಂಡತಿ ಹೀರಾ ಬೆಂಚು ಒರೆಸಿ ನನ್ನನ್ನು ಕೂರಿಸಿದಳು.

ನಾನು ಬಾಯಿ ತೆರೆಯುವ ಮೊದಲೇ ಅವನು ಶುರು ಮಾಡಿದ. "ಮಾಸ್ತರ್ರೆ, ನೀವ್ ಹೇಳಿರ್ಬೇಕು. ನಂಗೇ ಕೇಳ್ಲಿಲ್ಲ. ಇಂಜಿನ್ ಹತ್ರ ನಿಂತು ನಿಂತು ಈ ಎಡಕಿವಿ ಹೋಗದೆ. ನೀವ್ ಹೇಳಿದ್ದಕ್ಕೆ ನಾ ಹೂಂ ಅಂದೆ ಕಾಣ್ತದೆ, ಕೇಳ್ಲಿಲ್ಲ ಅಂತ ಹೇಳೂಕೆ ನಾಚ್ಕೆ ಆಗಿ. ಸಾಹೇಬರ ಹತ್ರ ಹಾಂಗೇ ಹೇಳ್ದೆ, ಮಾಸ್ತರ್ರು ಸುಳ್ಳು ಹೇಳೂದಿಲ್ಲ ಅಂತ."

ಸಹಿಯನ್ನೂ ಮಾಡಿ ಬಂದಿದ್ದಾನೆ.

ಈಗ ನಾನು ಬೇರೆ ಮಾತು ಆಡಿದರೆ ಅವನ ಹೇಳಿಕೆಯೂ ಸುಳ್ಳಾಗುತ್ತದೆ, ಇಬ್ಬರಿಗೂ ತೊಂದರೆ. "ನೀನೇನು ಬೇಕು ಅಂತ ಮಾಡಿದ್ದಲ್ಲ ಬೀರು" ಅಂದೆ. ಅವನು ಅಳಲು ಶುರು ಮಾಡಿದ. ಮೂವತ್ತು ವರ್ಷದಲ್ಲಿ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. ಹೀರಾ ಒಳಗೆ ಹೋಗಿ ಬಾಗಿಲ ಹಿಂದೆ ನಿಂತಳು.

೮ ಡಿಸೆಂಬರ್, ಸೋಮವಾರ

ಪೂಜಾ ಹೋದಳು. ವಸುಮತಿ ಸಂದೇಶ ಕಳಿಸಿದ್ದಾಳೆ. ಹನ್ನೊಂದು ದಿನ ಇದ್ದಳು.

ಪತ್ರಿಕೆಯಲ್ಲಿ ಸಣ್ಣ ಸುದ್ದಿ ಬಂದಿದೆ. ಅದರಲ್ಲಿ ಫೋಟೋ ಚೈತ್ರಾಳದ್ದು ಹಾಕಿದ್ದಾರೆ.

೧೩ ಡಿಸೆಂಬರ್, ಶನಿವಾರ

ಭಜನೆ. ಬೀರು ಬಂದಿರಲಿಲ್ಲ, ಅವನ ತಾಳವನ್ನು ಬೇರೆ ಯಾರೋ ಕುಟ್ಟಿದರು. ಎರಡನೆಯ ಭಜನೆಯಲ್ಲಿ ಹಾಡುವ ಹಿರಿಯರು ನಿಲ್ಲಿಸಿ ನನ್ನ ಮುಖ ನೋಡಿದರು. "ಮಾಸ್ತರ್ರೆ, ತಾಳ ಮುಂದೆ ಹೋಗ್ತಾ ಅದೆ." ನನ್ನದಲ್ಲ, ತಾಳ ಕುಟ್ಟುವವನದು ಅಂದೆ. ಅವನು ಕೆಳಗಿಟ್ಟ. ತಾಳ ಇಲ್ಲದೆ ನಾನೊಬ್ಬನೇ ನುಡಿಸಿದೆ, ಆಗಲೂ ಅವರು ನಿಲ್ಲಿಸಿದರು. ವಯಸ್ಸಾದವರಿಗೆ ಕಿವಿ ಸೂಕ್ಷ್ಮ ಇರುವುದಿಲ್ಲ.

ಬೈತಖೋಲದಲ್ಲಿ ರಂಪಣಿ ಮೂರು ಸಲ ಬಿಟ್ಟು ಮೂರು ಸಲವೂ ಅರ್ಧಕ್ಕೆ ನಿಂತಿತಂತೆ. ಬೀರು ಕಡಲ ದಡಕ್ಕೆ ಹೋದರೂ ಕೂಗು ಹಾಕುವುದಿಲ್ಲ. ಬೇರೆಯವನ ಕೂಗಿಗೆ ಪಾಳಿಯವರ ಕೈ ಒಂದಾಗುವುದಿಲ್ಲ. ಅವನಾದರೂ ಇಷ್ಟು ಹಚ್ಚಿಕೊಳ್ಳಬಾರದು.

ಆ ದಿನವನ್ನು ಮತ್ತೆ ಮತ್ತೆ ನೆನಪು ಮಾಡಿಕೊಂಡು ನೋಡಿದೆ. ಜೆಟ್ಟಿಗೆ ಹೋದ ಕೂಡಲೇ ನಾನು ಹಗ್ಗದವರ ಕಡೆಗೇ ನಡೆದದ್ದು ಸ್ಪಷ್ಟವಾಗಿ ನೆನಪಿದೆ. ಏನೋ ಒಂದು ಮಾತು ಹೇಳಿಯೂ ಇರಬಹುದು. ದೂರದಿಂದಾದರೂ.

೧೯ ಡಿಸೆಂಬರ್, ಶುಕ್ರವಾರ

ಬೆಳಿಗ್ಗೆ ಶಾಲೆಗೆ ಹೊರಡುವಾಗ ಹೀರಾ ಬಂದಳು. ಬೈತಖೋಲದಿಂದ ಒಬ್ಬಳೇ ಬಂದಿದ್ದಳು, ಬಸ್ಸಿನಲ್ಲಿ. ಕೂತುಕೋ ಅಂದರೆ ಕೂರಲಿಲ್ಲ.

"ಮಾಸ್ತರ್ರೆ, ವಕೀಲರು ಹೇಳ್ತ್ರು, ಇವರ್ಗೆ ಯಾರೂ ಹೇಳ್ಲಿಲ್ಲ ಅಂತ ಆದ್ರೆ ಇವರ ಮೇಲೆ ಕೇಸು ನಿಲ್ಲೂದಿಲ್ಲ ಅಂತ. ಇವರು ಕೇಳೂದಿಲ್ಲ. ಮಾಸ್ತರ್ರು ಹೇಳಿದ್ರು, ನಂದೇ ತಪ್ಪು ಅಂತ ಕೂತ್ರೆ ಕೂತ್ರು. ಊಟ ಬಿಟ್ಟದೆ. ನೀವ್ ದಿನಾ ಬರ್ದು ಇಡ್ತ್ರಲಾ, ಇವರೇ ಹೇಳ್ತಿದ್ರು. ಆ ದಿವ್ಸದ್ದು ಒಂದ್ಸಲ ಓದಿ ಹೇಳಿ. ನೀವ್ ಹೇಳೂಕೆ ಹೋಗಿ, ಗಡಿಬಿಡಿಲಿ ಮರ್ತೂ ಇರ್ಬಹುದಲಾ. ತಪ್ಪು ತಿಳ್ಕಣ್ಬೇಡಿ."

ವೈಜಯಂತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಡೈರಿ ಇಲ್ಲ ಅನ್ನುವ ಹಾಗಿರಲಿಲ್ಲ, ಅದು ಮೇಜಿನ ಮೇಲೆಯೇ ಇತ್ತು. ತೆಗೆದೆ. ಇಪ್ಪತ್ತೆಂಟನೆಯ ತಾರೀಖಿನ ಪುಟ ತೆರೆದು ಮೇಜಿನ ಮೇಲೆ ಇಟ್ಟೆ. ಹೀರಾ ಹತ್ತಿರ ಬಂದು ಬಗ್ಗಿ ನೋಡಿದಳು. ಅವಳು ಓದಿದ್ದು ಗಡಿಯ ಮರಾಠಿ ಶಾಲೆಯಲ್ಲಿ, ಕನ್ನಡ ಅಕ್ಷರ ಬರುವುದಿಲ್ಲ.

ಓದಿದೆ. ಹಗ್ಗ ಒದ್ದೆ ಮಾಡುತ್ತಿದ್ದದ್ದು, ನಾನು ಅತ್ತ ಹೊರಟದ್ದು, ಬೆಳಕು ಬಂತು ಅಂತ ಎಲ್ಲರೂ ಓಡಿದ್ದು, ತಂತಿ ತೆಗೆಸಿದ್ದು. ನಡುವೆ ಚಹಾದ ವಿಷಯ ಬೇಡ ಅನಿಸಿತು. ಇನ್ನೊಂದು ಸಾಲಿನ ಮೇಲೆ ಬೆರಳು ಇತ್ತು, ಬೆರಳು ತೆಗೆಯಲಿಲ್ಲ. ಆ ಸಾಲು ಗಾಬರಿಯಲ್ಲಿ ಬರೆದದ್ದು, ಅಂಥ ಹೊತ್ತಿನಲ್ಲಿ ಮನುಷ್ಯ ಇಲ್ಲದ್ದನ್ನೂ ಬರೆದುಕೊಳ್ಳುತ್ತಾನೆ.

"ಹೇಳ್ದೆ ಅಂತ ಬರ್ದದ್ಯಾ?" ಅಂತ ಕೇಳಿದಳು.

"ಅತ್ತ ಹೊರಟೆ ಅಂತ ಬರೆದಿದೆ. ಹೋದವನು ಹೇಳದೇ ಬರುತ್ತೇನಾ ಹೀರಾ?"

ಅವಳು ಸ್ವಲ್ಪ ಹೊತ್ತು ಆ ಪುಟವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಆಯ್ತು ಮಾಸ್ತರ್ರೆ, ನಿಮ್ಗೆ ಶಾಲೆಗೆ ಹೊತ್ತಾಯ್ತು" ಅಂದಳು.

ಅವಳು ಹೋದ ಮೇಲೆ ವೈಜಯಂತಿ ಮಧ್ಯಾಹ್ನದ ಡಬ್ಬಿ ಕೈಗೆ ಕೊಡಲಿಲ್ಲ, ಅಲ್ಲೇ ಕಟ್ಟೆಯ ಮೇಲೆ ಇಟ್ಟಿದ್ದಳು. ಅವಳಿಗೆ ಕನ್ನಡ ಓದಲು ಬರುತ್ತದೆ. ಡೈರಿಯನ್ನು ಕಪಾಟಿನಲ್ಲಿ ಇಟ್ಟು ಬೀಗ ಹಾಕಿ ಹೋದೆ. ಇಷ್ಟು ವರ್ಷ ಹೊರಗೇ ಬಿದ್ದಿರುತ್ತಿತ್ತು, ಮನೆ ಅಂದ ಮೇಲೆ ಅಚ್ಚುಕಟ್ಟು ಇರಬೇಕು.

೨೭ ಡಿಸೆಂಬರ್, ಶನಿವಾರ

ಸಿನಿಮಾದ ಹಾಡು ಬಿಟ್ಟಿದ್ದಾರೆ. ಮೊದಲಿಗೆ ಪೂಜಾಳ ಹೆಸರು, ನೆನಪಿಗೆ ಅರ್ಪಣೆ ಅಂತ. ಆಮೇಲೆ ಬೀರುವಿನ "ಏಲೇ". ಅವತ್ತು ಜೆಟ್ಟಿಯಲ್ಲಿ ಹಾಕಿದ ಕೂಗೇ ಅದು, ನನಗೆ ಗೊತ್ತಾಗುತ್ತದೆ. ಬಸ್ ನಿಲ್ದಾಣದಲ್ಲಿ, ಮೀನು ಮಾರುಕಟ್ಟೆಯಲ್ಲಿ ಎಲ್ಲರ ಫೋನಿನಲ್ಲೂ ಅದೇ. ಶಾಲೆಯಲ್ಲಿ ಮಕ್ಕಳು "ಏಲೇ" ಅಂತ ಕೂಗಿ ಒಬ್ಬರನ್ನೊಬ್ಬರು ಜಗ್ಗುತ್ತಿದ್ದಾರೆ. ಸಿನಿಮಾಕ್ಕೆ ಹೆಸರೂ ಸಿಕ್ಕಿತು, "ಏಲೇ" ಅಂತಲೇ ಇಟ್ಟಿದ್ದಾರೆ.

ಹಾಡಿನ ಕೆಳಗೆ ಹೆಸರುಗಳ ಪಟ್ಟಿ ಇದೆ. "ಲಯ ಮಾರ್ಗದರ್ಶನ" ಅಂತ ನನ್ನ ಹೆಸರು. ಬೀರುವಿನ ಹೆಸರು ಕೇಸು ಇರುವುದರಿಂದ ಹಾಕಿಲ್ಲವಂತೆ.

ಭಜನೆಗೆ ಹೋಗಲಿಲ್ಲ. ಬೆನ್ನುನೋವು.

೩೧ ಡಿಸೆಂಬರ್, ಬುಧವಾರ

ಬೆಳಿಗ್ಗೆ ಬೀರು ಬಂದ. ಸೊರಗಿ ಅರ್ಧ ಆಗಿದ್ದಾನೆ. ಬೆಂಚಿನ ಮೇಲೆ ಕೂರದೆ ಮೆಟ್ಟಿಲ ಮೇಲೆ ಕೂತ. ಪಕ್ಕದ ಮನೆಯ ಫೋನಿನಲ್ಲಿ ಅವನದೇ ಕೂಗು ಬರುತ್ತಿತ್ತು. ಕೂಗು ನಿಂತ ಮೇಲೂ ಕೊಳಲು ಮುಗಿಯುವ ತನಕ ತಲೆ ಬಗ್ಗಿಸಿ ಕೂತಿದ್ದ. ನಾನು ನೋಡುತ್ತಿದ್ದೆ, ಅವನ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದ. ಮೊದಲೆಲ್ಲ ಅವನ ತುಟಿ ಅಲ್ಲಾಡುತ್ತಿರಲಿಲ್ಲ.

"ಹಾಡಲ್ಲಿ ಇಪ್ಪತ್ತೇ ಅದೆ" ಅಂದ. "ಮಾಸ್ತರ್ರೆ, ಒಂದು ಕೇಳ್ತೆ. ಸಿಟ್ಟು ಮಾಡ್ಬೇಡಿ. ನಂಗೆ ಒಮ್ಮೆ ಹೇಳ್ದದ್ದು ಮರ್ತು ಹೋಗೂದಿಲ್ಲ. ನಾ ಸಣ್ಣಕ್ಕಿರುವಾಗ ಅಪ್ಪ ಹೇಳ್ಕೊಟ್ಟ ಕೂಗು ಈಗ್ಲೂ ಅದೆ. ಇದೊಂದು ಎಷ್ಟು ಹುಡುಕಿದ್ರೂ ಸಿಗೂದಿಲ್ಲ. ನೀವ್ ನಂಗೆ ಇಪ್ಪತ್ತು ಅಂತ ಹೇಳ್ದಾಗ ನಾ ಎಲ್ಲಿ ಕೂತಿದ್ದೆ? ಅಷ್ಟು ಹೇಳಿ. ಜಾಗ ನೆನಪಾದ್ರೆ ಮಾತೂ ನೆನಪಾಗ್ತದೆ. ನಾ ಕೇಳಿ ಬಿಟ್ಟದ್ದಾ, ಕೇಳ್ದೇ ಬಿಟ್ಟದ್ದಾ ಅಂತ ಗೊತ್ತಾದ್ರೆ ಸಾಕು. ಆ ಹುಡ್ಗಿ ಕಣ್ಣ ಮುಂದೆ ಬಂದು ಕಾಕಾ ಅಂತದೆ. ಅವಳಿಗೆ ಎಂತ ಹೇಳೂದು ನಾನು?"

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು.

ಅವನ ಮುಖ ನೋಡಲಾಗಲಿಲ್ಲ. ಏನಾದರೂ ಒಂದು ಹೇಳಿ ಆ ಮನುಷ್ಯನ ಸಂಕಟ ಮುಗಿಸಬೇಕಾಗಿತ್ತು. "ಐಸಿನ ಪೆಟ್ಟಿಗೆ ಮೇಲೆ ಕೂತಿದ್ದೆ" ಅಂದೆ. "ಪಾಳಿಯವರಿಂದ ಸ್ವಲ್ಪ ದೂರ. ಕೈಯಲ್ಲಿ ಚಹಾ ಇತ್ತು. ಬಿಳಿ ಕಪ್ಪು."

ಬೀರು ಕಣ್ಣು ಮುಚ್ಚಿದ. ಆಮೇಲೆ ತಲೆಯಾಡಿಸಿದ.

"ಹೌದು" ಅಂದ. "ಐಸಿನ ಪೆಟ್ಟಿಗೆ. ಬಿಳಿ ಕಪ್ಪು. ಈಗ ಕಾಣ್ತದೆ. ನೀವ್ ಬಲಕ್ಕೆ ನಿಂತಿದ್ರಿ. ಬಲಕಿವಿ ನಂದು ಸರೀ ಅದೆ ಮಾಸ್ತರ್ರೆ. ಹಂಗಾರೆ ಕೇಳಿಯೇ ಬಿಟ್ಟದ್ದು ನಾನು."

ಎದ್ದು, ಬಗ್ಗಿ ನನ್ನ ಕಾಲು ಮುಟ್ಟಿದ. ಯಾಕೆ ಅಂತ ಗೊತ್ತಾಗಲಿಲ್ಲ. ಕೋರ್ಟಿನಲ್ಲಿ ಹೀಗೇ ಹೇಳುತ್ತೇನೆ, ವಕೀಲರು ಬೇಡ ಅಂದ. ಮೆಟ್ಟಿಲು ಇಳಿದು ಹೋದ. ಗೇಟಿನ ತನಕ ಹೋಗಿ ಕಳಿಸಬೇಕಿತ್ತು, ಬೆನ್ನು ಏಳಲು ಬಿಡಲಿಲ್ಲ. ವೈಜಯಂತಿ ಹೊರಗೆ ಬಂದು ಗೇಟಿನ ತನಕ ಹೋದಳು, ವಾಪಸು ಬಂದು ನನ್ನ ಪಕ್ಕದಿಂದ ಒಳಗೆ ಹೋದಳು.

ಸೊಸೈಟಿಯವರು ಹೊಸ ವರ್ಷದ ಡೈರಿ ಕೊಟ್ಟಿದ್ದಾರೆ. ಈ ಡೈರಿಯ ಒಂದು ಪುಟ ಹರಿಯೋಣ ಅಂತ ಎತ್ತಿದೆ, ಹರಿದರೆ ಅದರ ಜೋಡಿ ಪುಟವೂ ಕಿತ್ತು ಬರುತ್ತದೆ. ಹಾಗೇ ಕಪಾಟಿನಲ್ಲಿ ಉಳಿದವುಗಳ ಜೊತೆ ಸೇರಿಸುತ್ತೇನೆ. ಇಪ್ಪತ್ತೆರಡು ಇದ್ದದ್ದು ಇಪ್ಪತ್ಮೂರಾಯಿತು.

ಮರೆಯುವ ಮೊದಲು ಇದನ್ನೂ ಬರೆದಿಡಬೇಕು. ಬೀರು ಹೇಳಿದ್ದು ಸರಿ, ನಾನು ಅವನ ಬಲಕ್ಕೇ ನಿಂತಿದ್ದೆ. ನಾನು ಇಪ್ಪತ್ತು ಅಂದೆ, ಅವನು ಹೂಂ ಅಂದ. ಚಹಾದಲ್ಲಿ ಸಕ್ಕರೆ ಕಡಿಮೆ ಅಂತ ಅವನು ಅಂದದ್ದೂ ಈಗ ನೆನಪಾಗುತ್ತಿದೆ.